ಆನೆಗೊಂದಿಯ ಕಡವು

ಹಂಪಿಯ ವಿಠ್ಠಲ ದೇವಸ್ಥಾನ ನೋಡಿ ಹೊಳೆದಂಡೆಗೆ ಇಳಿದ ಪ್ರವಾಸಿಗರಿಗೆ ಗೈಡುಗಳು ಆಚೆ ದಡದ ಗುಡ್ಡಗಳತ್ತ ಕೈ ಮಾಡಿ, ‘ಅದು ಆನೆಗೊಂದಿ, ಹಂಪಿಗಿಂತ ಮುಂಚಿನ ರಾಜಧಾನಿ’ ಎಂದು ಹೇಳಿ ಮುಂದಕ್ಕೆ ಕರೆದೊಯ್ಯುತ್ತಾರೆ. ನನ್ನ ತಾಯಿಯ ತವರು ಅದೇ ಊರು. ಗಂಗಾವತಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಆನೆಗೊಂದಿಯನ್ನು ಹಂಪಿಯ ಹಿತ್ತಲಂತೆ ಕಾಣುವ ಈ ರೂಢಿಯನ್ನು ಪಾಠದಲ್ಲೂ ಒಪ್ಪಿಕೊಂಡವನಲ್ಲ, ಈಗಲೂ ಒಪ್ಪುವುದಿಲ್ಲ. ‘ಹಾಳು ಹಂಪಿ’ ಎನ್ನುವುದು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಆನೆಗೊಂದಿಯನ್ನು ಹಾಗೆ ಕರೆದದ್ದನ್ನು ನಾನು ಕೇಳಿಲ್ಲ. ಅದು ಹಂಪಿಗಿಂತ ಮೊದಲೂ ಊರಾಗಿತ್ತು, ಹಂಪಿ ಬಿದ್ದ ಮೇಲೂ ಊರಾಗಿಯೇ ಉಳಿಯಿತು.

ಯಾಕೆ ಉಳಿಯಿತು ಎಂಬ ಪ್ರಶ್ನೆಗೆ ಅರಸರ ವಂಶಾವಳಿಯಲ್ಲಿ ಉತ್ತರ ಸಿಗುವುದಿಲ್ಲ. ಊರ ಕೋಟೆಬಾಗಿಲು ದಾಟಿ ತುಂಗಭದ್ರೆಗೆ ಇಳಿದರೆ ಸಿಗುತ್ತದೆ. ಅಲ್ಲಿ ಒಂದು ಕಡವು ಇದೆ. ಎದುರು ದಡದಲ್ಲಿ ತಳವಾರಘಟ್ಟದ ಹೆಬ್ಬಾಗಿಲು. ನಡುವೆ ಬಂಡೆಗಳ ಸಂದಿಯಲ್ಲಿ ಸುಳಿ ತಿರುಗುತ್ತ ಹರಿಯುವ ಹೊಳೆ. ರಾಜ್ಯಗಳು ಬಂದು ಹೋದರೂ ಈ ಹೊಳೆಯನ್ನು ದಾಟುವ ಕೆಲಸ ನಿಲ್ಲಲಿಲ್ಲ.

ಅರಸರ ಕಥೆಯನ್ನು ಬೇಗ ಹೇಳಿಬಿಡುತ್ತೇನೆ, ಅದು ಎಲ್ಲ ಪುಸ್ತಕಗಳಲ್ಲೂ ಇದೆ. ನಮ್ಮ ಗಂಗಾವತಿ ಸೀಮೆಯ ಕುಮ್ಮಟದುರ್ಗದಲ್ಲಿ ಕಂಪಿಲರಾಯ ಆಳುತ್ತಿದ್ದ. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ಮೇಲೆ ತಿರುಗಿಬಿದ್ದ ಬಹಾವುದ್ದೀನ್ ಗುರ್ಷಾಸ್ಪ್ ಓಡಿಬಂದು ಆಸರೆ ಕೇಳಿದಾಗ ಕಂಪಿಲರಾಯ ಇಲ್ಲವೆನ್ನಲಿಲ್ಲ. ಆ ಮಾತಿಗಾಗಿ 1327ರಲ್ಲಿ ರಾಜ್ಯವನ್ನೂ ಪ್ರಾಣವನ್ನೂ ತೆತ್ತ. ಅವನ ಮಗ ಕುಮಾರರಾಮನ ಕಥೆಯನ್ನು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹಾಡಿ ಆಡುತ್ತಾರೆ. ಅದಾಗಿ ಹತ್ತು ವರ್ಷ ತುಂಬುವ ಮೊದಲೇ, 1336ರಲ್ಲಿ, ಸಂಗಮನ ಮಕ್ಕಳು ವಿಜಯನಗರಕ್ಕೆ ಅಡಿಗಲ್ಲು ಹಾಕಿದರು. ರಾಜಧಾನಿ ಹೊಳೆಯ ದಕ್ಷಿಣಕ್ಕೆ ಬೆಳೆಯಿತು, ಆನೆಗೊಂದಿ ಉತ್ತರದ ಬಾಗಿಲಾಯಿತು.

ಸುಮಾರು 1520ರಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಬಂದಾಗ ಆನೆಗೊಂದಿಯಲ್ಲಿ ಜನ ಕಡಿಮೆಯಾಗಿದ್ದರು. ಹಳೆಯ ರಾಜಧಾನಿಯ ಗೋಡೆಗಳು ಗಟ್ಟಿಯಾಗಿದ್ದವು, ಬೆಟ್ಟಗಳ ನಡುವೆ ಎರಡೇ ದಾರಿಗಳಿದ್ದವು, ಅರಸನ ಪರವಾಗಿ ಒಬ್ಬ ಅಧಿಕಾರಿ ಅಲ್ಲಿದ್ದ ಎಂದು ಅವನು ಬರೆದಿಟ್ಟಿದ್ದಾನೆ. ನನಗೆ ಹೆಚ್ಚು ಪ್ರಿಯವಾದದ್ದು ಅವನು ಹೊಳೆ ದಾಟುವ ಬಗೆಯನ್ನು ವಿವರಿಸಿದ ಭಾಗ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹತ್ತಬಹುದು. ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು, ಆದರೆ ಅವು ಬಹುಮಟ್ಟಿಗೆ ಈಜಿಯೇ ದಾಟುತ್ತವೆ. ದೋಣಿ ನೆಟ್ಟಗೆ ಹೋಗದೆ ಸುತ್ತು ತಿರುಗುತ್ತಲೇ ಸಾಗುತ್ತದೆ. ಇಷ್ಟನ್ನೂ ಅವನು ಗಮನಿಸಿದ್ದಾನೆ. ಐದುನೂರು ವರ್ಷಗಳ ಮೇಲೆ ಅದೇ ಕಡವಿನಲ್ಲಿ ಹರಿಗೋಲು ಹತ್ತಿದ ನಾನು ಅವನ ಮಾತಿನಲ್ಲಿ ಬದಲಿಸಬೇಕಾದದ್ದು ಬೆತ್ತ, ತೊಗಲುಗಳ ವಿಷಯ ಮಾತ್ರ.

ಪೇಸನಿಗಿಂತ ಸುಮಾರು ಎರಡು ಸಾವಿರ ವರ್ಷ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬ್ಯಾಬಿಲೋನಿಗೆ ಹೊಳೆಯಲ್ಲಿ ಇಳಿದು ಬರುತ್ತಿದ್ದ ದೋಣಿಗಳ ಬಗ್ಗೆ ಹೀಗೆಯೇ ಬೆರಗುಪಟ್ಟಿದ್ದ. ಅವೂ ದುಂಡಗಿದ್ದವು, ತೊಗಲು ಹೊದ್ದಿದ್ದವು, ಒಂದೊಂದರಲ್ಲೂ ಒಂದು ಕತ್ತೆ ಇರುತ್ತಿತ್ತು. ಸೆಳವಿನ ಎದುರು ಹುಟ್ಟು ಹಾಕಲಾಗದೆ ವ್ಯಾಪಾರಿಗಳು ಸರಕಿನ ಜೊತೆ ದೋಣಿಯ ಕಟ್ಟನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ಮರಳುತ್ತಿದ್ದರಂತೆ. ನಮ್ಮ ಹರಿಗೋಲಿಗೆ ಆ ತಾಪತ್ರಯವಿಲ್ಲ. ಅದು ಹೊಳೆಗುಂಟ ದೂರ ಹೋಗುವಂಥದ್ದಲ್ಲ, ಹೊಳೆಯನ್ನು ಅಡ್ಡ ದಾಟುವಂಥದ್ದು.

ಹರಿಗೋಲು ಕಟ್ಟುವುದನ್ನು ನಾನು ಚಿಕ್ಕಂದಿನಲ್ಲಿ ಅಜ್ಜಿಯ ಊರಲ್ಲಿ ನೋಡಿದ್ದೇನೆ. ಬಿದಿರನ್ನು ಸೀಳಿ, ಹೊಳೆಯಲ್ಲಿ ನೆನೆಹಾಕಿ, ದಂಡೆಯ ಮಟ್ಟಸ ಜಾಗದಲ್ಲಿ ಅಡ್ಡಉದ್ದ ಹಾಸಿ ಮೊದಲು ತಳ ಹೆಣೆಯುತ್ತಾರೆ. ತಳ ಮೇಲೇಳದಂತೆ ನಡುವೆ ಗುಂಡುಗಳನ್ನು ಹೇರುತ್ತಾರೆ. ಆಮೇಲೆ ಸುತ್ತಲಿಂದ ಸೀಳುಗಳನ್ನು ಒಂದೊಂದಾಗಿ ಮೇಲಕ್ಕೆ ಬಗ್ಗಿಸಿ ಹೆಣೆಯುತ್ತ ಬಂದು, ಕಂಠಕ್ಕೆ ದಪ್ಪನೆಯ ಬಿದಿರು ಸುತ್ತಿ ಬಿಗಿಯುತ್ತಾರೆ. ಈ ಕಂಠ ಸಡಿಲವಾದರೆ ಹರಿಗೋಲು ನೀರಿನಲ್ಲಿ ಬಾಯಿ ಬಿಡುತ್ತದೆ. ಆದ್ದರಿಂದ ಹಿರಿಯ ಅಂಬಿಗನೇ ಕಂಠ ಕಟ್ಟಬೇಕು. ಹೊರಗೆ ಹಿಂದೆ ಎತ್ತಿನ ತೊಗಲು ಹೊದಿಸುತ್ತಿದ್ದರು. ನಾನು ಕಂಡ ಹೊತ್ತಿಗೆ ಪ್ಲಾಸ್ಟಿಕ್ ಚೀಲದ ಹಾಳೆ ಬಂದಿತ್ತು, ಅದರ ಮೇಲೆ ಕಾಸಿದ ಡಾಂಬರು ಬಳಿಯುತ್ತಿದ್ದರು. ಆ ವಾಸನೆ ಎರಡು ದಿನ ದಂಡೆಯನ್ನು ಬಿಡುತ್ತಿರಲಿಲ್ಲ.

ನಡೆಸುವ ವಿದ್ಯೆ ಇನ್ನೂ ಸೂಕ್ಷ್ಮ. ಅಂಬಿಗ ಎದುರು ದಡಕ್ಕೆ ನೇರವಾಗಿ ಹುಟ್ಟು ಹಾಕುವುದೇ ಇಲ್ಲ. ಮೊದಲು ಈಚೆ ದಂಡೆಗುಂಟ, ಸೆಳವಿಲ್ಲದ ನೀರಿನಲ್ಲಿ, ಮೇಲಕ್ಕೆ ಹೋಗುತ್ತಾನೆ. ಗುರುತಿನ ಬಂಡೆ ಬಂದೊಡನೆ ನಡುಹೊಳೆಗೆ ಬಿಡುತ್ತಾನೆ. ಅಲ್ಲಿಂದ ಮುಂದೆ ದೂಡುವುದು ಹೊಳೆ, ದಿಕ್ಕು ತಿದ್ದುವುದು ಮಾತ್ರ ಅವನ ಕೆಲಸ. ಹುಟ್ಟನ್ನು ಮುಂದೆ ಚಾಚಿ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಯಾವ ತಿಂಗಳಲ್ಲಿ ಯಾವ ಬಂಡೆ ಮುಳುಗಿರುತ್ತದೆ, ಯಾವ ಸಂದಿಯಲ್ಲಿ ಸುಳಿ ಏಳುತ್ತದೆ ಎಂಬುದನ್ನು ಅಪ್ಪನಿಂದ ಮಗ ಕಲಿಯಬೇಕು. ‘ಹೊಳಿ ಕೂಡ ಜಿದ್ದು ಮಾಡಬಾರದು, ಅದರ ಮಾತು ಕೇಳಿದಂಗ ಮಾಡಿ ನಮ್ಮ ದಡಕ್ಕ ಹೋಗಬೇಕು’ ಎಂದು ಒಬ್ಬ ಮುದುಕ ಅಂಬಿಗ ನನಗೆ ಹೇಳಿದ್ದ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನವರನ್ನು ಕೊಟ್ಟ ಕಾಯಕ ಇದು.

ಕಡವಿನ ಬೆಲೆ ಅತ್ಯಂತ ಹೆಚ್ಚಾಗಿದ್ದದ್ದು ವಿಜಯನಗರದ ವೈಭವದಲ್ಲಲ್ಲ, ಅದರ ನಂತರ ಎಂದು ನನ್ನ ಎಣಿಕೆ. 1565ರಲ್ಲಿ ವಿಜಯನಗರ ಸೋತ ಮೇಲೆ ತಿರುಮಲರಾಯ ಪೆನುಕೊಂಡಕ್ಕೆ ಹೋದ. ಮುಂದೆ ಅರವೀಡು ವಂಶಸ್ಥರು ಆನೆಗೊಂದಿಗೆ ಮರಳಿ ನೆಲೆಸಿದರು, ನಿಜಾಮರ ಕೆಳಗೆ ಅದು ಒಂದು ಸಂಸ್ಥಾನವಾಗಿ ಉಳಿಯಿತು. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಾಗ ತುಂಗಭದ್ರೆಯೇ ಗಡಿಯಾಯಿತು. ಹಂಪಿ ಮದ್ರಾಸಿಗೆ, ಆನೆಗೊಂದಿ ಹೈದರಾಬಾದಿಗೆ. ಕೂಗಿದರೆ ಕೇಳುವಷ್ಟು ಹತ್ತಿರದ ಎರಡು ಊರುಗಳು ಒಂದೂವರೆ ಶತಮಾನ ಬೇರೆ ಬೇರೆ ಸರಕಾರಗಳ ಕೆಳಗಿದ್ದವು.

ಅಜ್ಜಿಯ ಸೊಂಟದ ಚೀಲದಲ್ಲಿ ಎರಡು ಬಗೆಯ ದುಡ್ಡು ಇರುತ್ತಿತ್ತು. ಈ ದಡಕ್ಕೆ ನಿಜಾಮರ ಹಾಲಿ ಸಿಕ್ಕಾ, ಆ ದಡಕ್ಕೆ ಇಂಗ್ಲಿಷರ ಕಲ್ದಾರ್. ನೂರು ಕಲ್ದಾರ್ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಸಿಕ್ಕಾ ಎಂಬ ಲೆಕ್ಕ ಅಕ್ಷರ ಬರದ ಅವಳಿಗೆ ಬಾಯಿಪಾಠವಾಗಿತ್ತು. ಈ ಕಡೆ ಶಾಲೆ, ಕಚೇರಿಗಳಲ್ಲಿ ಉರ್ದು, ಆ ಕಡೆ ಇಂಗ್ಲಿಷು. ಎರಡೂ ದಂಡೆಯ ಮನೆಗಳಲ್ಲಿ ಕನ್ನಡ. ಹೆಣ್ಣು ಕೊಟ್ಟು ತರುವುದು, ವಿರೂಪಾಕ್ಷನ ತೇರಿಗೆ ಹೋಗುವುದು, ಬಾಳೆಗೊನೆ ಮಾರುವುದು, ಹೆರಿಗೆಗೆ ತವರಿಗೆ ಬರುವುದು, ಎಲ್ಲಕ್ಕೂ ಹರಿಗೋಲೇ. ನಿಜಾಮರ ಪರ ನಿಂತ ರಜಾಕಾರರ ಹಾವಳಿಯ ದಿನಗಳಲ್ಲಿ ಗಂಗಾವತಿ, ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಭಾಗದ ಜನ ಗಡಿ ದಾಟಿ ಸ್ವತಂತ್ರ ಭಾರತದೊಳಗೆ ಆಸರೆ ಪಡೆದರು. ಅಳವಂಡಿ ಶಿವಮೂರ್ತಿಸ್ವಾಮಿಗಳು ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ಕಟ್ಟಿ ಹೋರಾಡಿದರು. ನಮ್ಮ ಮನೆಯವರು ದಾಟಿದ್ದು ಇದೇ ಕಡವನ್ನು, ಕತ್ತಲಲ್ಲಿ. ಅಂಬಿಗ ಆ ರಾತ್ರಿ ದುಡ್ಡು ಮುಟ್ಟಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ವಿಮೋಚನೆಯಾಯಿತು, 1956ರಲ್ಲಿ ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿದವು. ಏಕೀಕರಣ ಎಂದರೇನು ಎಂದು ಮಕ್ಕಳಿಗೆ ಹೇಳಿಕೊಡುವಾಗ ನಾನು ಅಜ್ಜಿಯ ಚೀಲದಿಂದಲೇ ಪಾಠ ಶುರು ಮಾಡುತ್ತಿದ್ದೆ.

ಹೊಳೆಯ ನಡುಗಡ್ಡೆಯಲ್ಲಿ ನವಬೃಂದಾವನವಿದೆ. ಮಧ್ವಾಚಾರ್ಯರ ನೇರ ಶಿಷ್ಯ ಪದ್ಮನಾಭತೀರ್ಥರಿಂದ ಹಿಡಿದು 1539ರಲ್ಲಿ ತೀರಿಕೊಂಡ ವ್ಯಾಸರಾಜರವರೆಗೆ, ಇನ್ನೂ ಮುಂದಿನವರದೂ ಸೇರಿ, ಒಂಬತ್ತು ಯತಿಗಳ ಬೃಂದಾವನಗಳು ಅಲ್ಲಿವೆ. 2019ರ ಜುಲೈನಲ್ಲಿ ನಿಧಿಯಾಸೆಗೆ ದುಷ್ಕರ್ಮಿಗಳು ವ್ಯಾಸರಾಜರ ಬೃಂದಾವನವನ್ನೇ ಕೆಡವಿದರು. ಸುದ್ದಿ ತಿಳಿದೊಡನೆ ಭಕ್ತರು ಹೊಳೆ ದಾಟಿ ಬಂದು ಕೈಯಿಂದ ಕೈಗೆ ಕಲ್ಲು ಸಾಗಿಸಿ ಮತ್ತೆ ಕಟ್ಟಿ ನಿಲ್ಲಿಸಿದರು. ಕೃಷ್ಣದೇವರಾಯನ ಸಮಾಧಿ ಎಂದು ಜನ ನಂಬುವ 64 ಕಂಬದ ಮಂಟಪವೂ ಹೊಳೆಯೊಳಗೇ ಇದೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನಿಂದ ಭಾರಿ ನೀರು ಬಿಟ್ಟಾಗಲೆಲ್ಲ ಅದು ಮುಳುಗುತ್ತದೆ, ದೋಣಿಗಳು ನಿಲ್ಲುತ್ತವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾದಾಗ ದಂಡೆಯ ಊರುಗಳಲ್ಲಿ ನಿದ್ದೆ ಇರಲಿಲ್ಲ.

ಈ ಹೊಳೆಗೆ ಸೇತುವೆ ಕಟ್ಟುವ ಆಸೆಯೂ ಹಳೆಯದೇ. ವಿಠ್ಠಲ ದೇವಸ್ಥಾನದ ಹತ್ತಿರ ನೀರಿನಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳು ವಿಜಯನಗರ ಕಾಲದ ಸೇತುವೆಯದು. ನಮ್ಮ ಕಾಲದ್ದು ದುಃಖದ ಕಥೆ. ಆನೆಗೊಂದಿ–ತಳವಾರಘಟ್ಟ ಸೇತುವೆಯ ಕಾಮಗಾರಿ ಹಾಗೂ ವಿರೂಪಾಪುರ ಗಡ್ಡಿಯ ತೂಗುಸೇತುವೆ ಕಾರಣಕ್ಕೆ ಯುನೆಸ್ಕೋ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆಲಸ ನಿಂತಿತು, 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು, ಮತ್ತೆ ಕೆಲಸ ಶುರುವಾಯಿತು. 2009ರ ಜನವರಿಯಲ್ಲಿ ಮುಗಿಯುವ ಹಂತದಲ್ಲಿದ್ದ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಈಗ ಕಡೆಬಾಗಿಲು–ಬುಕ್ಕಸಾಗರ ಸೇತುವೆ ಇದೆ. ಅದು ಬಂದದ್ದು ಒಳ್ಳೆಯದಾಯಿತು. ಆಸ್ಪತ್ರೆಗೆ ಹೋಗಬೇಕಾದ ಬಸುರಿಗೆ ಪರಂಪರೆಯ ಹೆಸರಿನಲ್ಲಿ ‘ಹೊಳೆ ಇಳಿಯುವವರೆಗೆ ಕಾಯಿ’ ಎನ್ನುವ ಹಕ್ಕು ಯಾರಿಗೂ ಇಲ್ಲ.

ಆದರೆ ಪರಂಪರೆ ಎಂದೊಡನೆ ಕಲ್ಲನ್ನಷ್ಟೇ ಎಣಿಸುವ ಅಭ್ಯಾಸ ಹೋಗಬೇಕು. ಆನೆಗೊಂದಿಯಲ್ಲಿ ಎಣಿಸಲು ಕಲ್ಲು ಸಾಕಷ್ಟಿದೆ: ರಂಗನಾಥ ದೇವಸ್ಥಾನ, ಗಗನಮಹಲು, ಮಿರುಗುವ ಕರಿಕಲ್ಲಿನ ಕಂಬಗಳೂ ಮಾಸುತ್ತಿರುವ ಮಾಳಿಗೆಚಿತ್ರಗಳೂ ಇರುವ ಹುಚ್ಚಪ್ಪಯ್ಯನ ಮಠ, ಒನಕೆಕಿಂಡಿಯ ಆದಿಮಾನವರ ಬಂಡೆಚಿತ್ರ. ಅದರ ಪಕ್ಕದಲ್ಲೇ ಊರವರು ಇಂದೂ ಬಳಸುವ ಇನ್ನೊಂದು ಪರಂಪರೆ ಇದೆ. ವಿಜಯನಗರದ ಅರಸರು ತೋಡಿಸಿದ ಕಾಲುವೆ ಈಗಲೂ ಭತ್ತದ ಗದ್ದೆಗೆ, ಬಾಳೆತೋಟಕ್ಕೆ ನೀರು ತರುತ್ತದೆ. ಜಂತಿ ಹಾಕಿದ ಮಣ್ಣಿನ ಮಾಳಿಗೆ ಮನೆಗಳು, ಮುಂದೆ ಕಟ್ಟೆ, ನೆತ್ತಿಯ ಮೇಲೆ ಬೆಳಕಿಂಡಿ ಇನ್ನೂ ಇವೆ. 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್, ಎಸೆದುಬಿಡುವ ಬಾಳೆದಿಂಡಿನ ನಾರಿನಿಂದ ಚೀಲ, ಚಾಪೆ ಹೆಣೆಯುವುದನ್ನು ಊರ ಹೆಣ್ಣುಮಕ್ಕಳಿಗೆ ಕಲಿಸಿ, ಹಳೆಯ ಮನೆಗಳನ್ನು ಕೆಡವದೆ ದುಡಿಮೆಗೆ ಹಚ್ಚಬಹುದು ಎಂದು ತೋರಿಸಿತು. ಆ ದಾರಿ ಸರಿಯಾದದ್ದು.

ಊರ ಹತ್ತಿರದ ಅಂಜನಾದ್ರಿ ಬೆಟ್ಟದ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಲು ಈಗ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ದೊಡ್ಡ ರಸ್ತೆ, ದೊಡ್ಡ ವಸತಿಗೃಹಗಳ ಮಾತು ನಡೆದಿದೆ. ಹಂಪಿ ಪ್ರದೇಶದ ನಿರ್ವಹಣೆಗೆ ಮಾಡಿದ 2002ರ ಕಾನೂನಿನ ವ್ಯಾಪ್ತಿಗೆ ಆನೆಗೊಂದಿಯೂ ಸೇರುತ್ತದೆ. ಮಂಟಪ, ಗೋಡೆ, ಬಾಗಿಲುಗಳನ್ನು ಪಟ್ಟಿ ಮಾಡುವವರಲ್ಲಿ ನನ್ನದೊಂದು ಕೋರಿಕೆ: ಆ ಪಟ್ಟಿಯಲ್ಲಿ ಕಡವನ್ನೂ ಬರೆಯಿರಿ. ಹರಿಗೋಲು ಹೆಣೆಯಬಲ್ಲ ಅಂಬಿಗರಿಗೆ ಗೌರವಧನ ಕೊಡಿ, ಬಿದಿರು ಕೊಡಿ, ಅವರ ಮಕ್ಕಳಲ್ಲಿ ಕಲಿಯಲು ಮನಸ್ಸಿದ್ದವರಿಗೆ ಕಲಿಯುವ ಅನುಕೂಲ ಮಾಡಿಕೊಡಿ. ಓದುಗರೇ, ನೀವು ಹಂಪಿಗೆ ಬಂದರೆ ಅಂದೇ ಹಿಂದಿರುಗಬೇಡಿ. ಹೊಳೆ ಶಾಂತವಾಗಿರುವ ದಿನ ತಳವಾರಘಟ್ಟಕ್ಕೆ ಇಳಿದು, ದಾಟಿ ಬಂದು, ಆನೆಗೊಂದಿಯಲ್ಲಿ ಒಂದು ರಾತ್ರಿ ಉಳಿಯಿರಿ.