ಮರುಬಳಕೆಯ ಧ್ವನಿಸುರುಳಿಗಳು: ಒಂದು ಐತಿಹಾಸಿಕ ವಿವೇಚನೆ

ಬೆಂಗಳೂರಿನ ಪೂರ್ವದಲ್ಲಿರುವ ಕಾಡುಗೋಡಿಯಲ್ಲಿ ಕ್ರಿ.ಶ. 1043ರ ತಮಿಳು ಶಾಸನವೊಂದು ದೊರೆತಿದೆ. ರಾಜೇಂದ್ರ ಚೋಳನ ಆಳ್ವಿಕೆಗೆ ಸೇರಿದ ಈ ಶಾಸನವು ನೆರೆಯ ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ತಿಳಿಸುತ್ತದೆ. ಇಂದು ಪಟ್ಟಂದೂರು ಅಗ್ರಹಾರದಲ್ಲಿ ತಂತ್ರಜ್ಞಾನ ಉದ್ಯಾನದ ಸೌಧಗಳೆದ್ದಿವೆ. 2023ರಿಂದ ಮೆಟ್ರೋ ರೈಲೂ ಅಲ್ಲಿ ನಿಲ್ಲುತ್ತದೆ. ಊರಿನ ಚಹರೆ ಇಷ್ಟು ಬದಲಾದರೂ ಶಿಲೆಯ ಬರೆಹ ಇಂದಿಗೂ ನಮಗೆ ಆಧಾರವಾಗಿದೆ. ಆದರೆ ಆ ಕೆರೆಯ ಏರಿಯ ಮೇಲೆ ಜನರು ಆಡಿದ ಮಾತು, ಹಾಡಿದ ಹಾಡು ಗಾಳಿಯಲ್ಲಿ ಲೀನವಾದುವು. ಧ್ವನಿಯನ್ನು ಹಿಡಿದಿಡುವ ಸಾಧನವಾಗಿ ಇಪ್ಪತ್ತನೆಯ ಶತಮಾನದಲ್ಲಿ ಬಂದ ಕಾಂತಪಟ್ಟಿಗೆ, ಎಂದರೆ ಟೇಪಿಗೆ, ಶಿಲೆಗಿಲ್ಲದ ಗುಣವೊಂದಿದೆ. ಅದು ಹಿಡಿದುದನ್ನು ಸುಲಭವಾಗಿ ಬಿಟ್ಟುಕೊಟ್ಟು ಹೊಸದಕ್ಕೆ ಸ್ಥಳ ಮಾಡಿಕೊಡುತ್ತದೆ. ಈ ಗುಣದಿಂದ ಇತಿಹಾಸಕ್ಕಾದ ಲಾಭನಷ್ಟಗಳ ಪರಿಶೀಲನೆಯೇ ಪ್ರಸ್ತುತ ಲೇಖನದ ಉದ್ದೇಶ.

ಕಾಗದದ ಪಟ್ಟಿಗೆ ಕಬ್ಬಿಣದ ಪುಡಿಯನ್ನು ಲೇಪಿಸುವ ವಿಧಾನಕ್ಕೆ ಫ್ರಿಟ್ಜ್ ಫ್ಲಾಯ್ಮರ್ 1928ರಲ್ಲಿ ಜರ್ಮನಿಯಲ್ಲಿ ಹಕ್ಕುಪತ್ರ ಪಡೆದನು. ಆ ತತ್ತ್ವವನ್ನನುಸರಿಸಿದ ಮ್ಯಾಗ್ನೆಟೋಫೋನ್ ಯಂತ್ರವು 1935ರ ಆಗಸ್ಟಿನಲ್ಲಿ ಬರ್ಲಿನ್ನಿನ ಬಾನುಲಿ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದಿತು. ಮರುತಿಂಗಳೇ, ಸೆಪ್ಟೆಂಬರ್ 10ರಂದು, ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ನುಡಿಯನ್ನು ಹರಡುವ ಸಾಧನವೂ ಅದನ್ನು ಕಾಪಿಡುವ ಸಾಧನವೂ ಒಂದೇ ಋತುವಿನಲ್ಲಿ ಬೇರೆ ಬೇರೆ ನಾಡುಗಳಲ್ಲಿ ಕಾಣಿಸಿಕೊಂಡುವು. ಅವೆರಡರ ಭೇಟಿ ಮಾತ್ರ ತಡವಾಯಿತು. 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಆರಂಭವಾಗುವ ಹೊತ್ತಿಗೆ ಟೇಪು ಬಾನುಲಿಯ ನಿತ್ಯೋಪಯೋಗಿ ವಸ್ತುವಾಗುತ್ತಿತ್ತು.

ಟೇಪನ್ನು ಅಳಿಸಿ ಮತ್ತೆ ಬಳಸಿದುದಕ್ಕೆ ಕಾರಣ ಸರಳವಾದುದು. ಏಳು ಅಂಗುಲದ ಸುರುಳಿಯಲ್ಲಿ 1200 ಅಡಿ ಟೇಪು ಹಿಡಿಸುತ್ತದೆ. ಸೆಕೆಂಡಿಗೆ ಏಳೂವರೆ ಅಂಗುಲದ ವೇಗದಲ್ಲಿ ಅದು ಓಡುವುದು 32 ನಿಮಿಷ ಮಾತ್ರ. ಎಂಟು ಗಂಟೆಗಳ ಕಾರ್ಯಕ್ರಮವನ್ನು ಮುದ್ರಿಸಿಡಬೇಕಾದರೆ ದಿನಕ್ಕೆ 15 ಸುರುಳಿಗಳು ಬೇಕು. ವೆಚ್ಚವನ್ನೂ ಕಪಾಟಿನ ಸ್ಥಳವನ್ನೂ ಎಣಿಸಿದ ನಿಲಯಗಳು, ಉಳಿಸತಕ್ಕುದನ್ನು ಆರಿಸಿ ಮಿಕ್ಕುದನ್ನು ಅಳಿಸುವ ಪದ್ಧತಿಯನ್ನು ಅನುಸರಿಸಿದುವು. ಇದು ಬಡದೇಶಗಳ ಪಾಡು ಮಾತ್ರವೆಂದು ತಿಳಿಯಬಾರದು. ಬ್ರಿಟನ್ನಿನ ಬಿ.ಬಿ.ಸಿ. ತನ್ನ ದೂರದರ್ಶನ ಕಾರ್ಯಕ್ರಮಗಳ ಅನೇಕ ಟೇಪುಗಳನ್ನು ಅಳಿಸಿತು. ಚಂದ್ರನ ಮೇಲೆ ಮಾನವನ ಮೊದಲ ಹೆಜ್ಜೆಯ ಮೂಲ ಸಂಕೇತಗಳಿದ್ದ ಟೇಪುಗಳು ಅಳಿಸಲ್ಪಟ್ಟು ಮರುಬಳಕೆಯಾಗಿರಬೇಕೆಂದು ಅಮೆರಿಕದ ನಾಸಾ ಸಂಸ್ಥೆಯೇ 2009ರಲ್ಲಿ ಪ್ರಕಟಿಸಿತು.

ಆದರೂ ಅಳಿಸುವಿಕೆ ಯಾವಾಗಲೂ ಪೂರ್ಣವಾಗುವುದಿಲ್ಲ. ಯಂತ್ರದಲ್ಲಿ ಮುದ್ರಿಸುವ ಶಿರಕ್ಕೆ ಮುಂಚೆ ಅಳಿಸುವ ಶಿರವಿರುತ್ತದೆ. ಅದು ಅಧಿಕ ಕಂಪನದ ವಿದ್ಯುತ್ತಿನಿಂದ ಹಳೆಯ ಕಾಂತಮುದ್ರೆಯನ್ನು ಕದಡಿಬಿಡುತ್ತದೆ. ಆದರೆ ನಿಲಯದ ಯಂತ್ರವು ಟೇಪಿನ ಪೂರ್ತಿ ಅಗಲಕ್ಕೆ ಮುದ್ರಿಸಿದ್ದು, ಮನೆಯ ಯಂತ್ರವು ಅರ್ಧ ಅಗಲವನ್ನು ಮಾತ್ರ ಅಳಿಸಿದರೆ, ಮಿಕ್ಕ ಅರ್ಧದಲ್ಲಿ ಹಳೆಯ ಧ್ವನಿ ಉಳಿಯುತ್ತದೆ. ಹೊಸ ಮುದ್ರಣ ಚಿಕ್ಕದಾದರೆ ಅದು ಮುಗಿದೊಡನೆ ಹಳೆಯದು ಕೇಳತೊಡಗುತ್ತದೆ. ಹಿಂದಿನ ಅಕ್ಷರಗಳನ್ನು ತಟ್ಟಿ ಅಳಿಸಿ ಹೊಸ ದಾನವನ್ನು ಕೊರೆದ ತಾಮ್ರಪಟಗಳನ್ನು ಶಾಸನಜ್ಞರು ಬಲ್ಲರು. ಅಲ್ಲಿ ಅಡಿಯ ಅಕ್ಷರಗಳನ್ನು ಓದುವ ತಾಳ್ಮೆಯೇ ಇಲ್ಲಿಯೂ ಅವಶ್ಯ.

ಕ್ಯಾಸೆಟ್ಟು, ಅನಂತರ ಕಂಪ್ಯೂಟರು ಬಂದ ಮೇಲೆ ಸುರುಳಿಗಳು ಗುಜರಿಯ ಸರಕಾದುವು. ಅಂಥವನ್ನು ಕೊಳ್ಳುವವರು ಕೆಲವು ಲಕ್ಷಣಗಳನ್ನು ಗಮನಿಸಬೇಕು. ಸುರುಳಿಯನ್ನು ಬೆಳಕಿಗೆ ಹಿಡಿದಾಗ ಬೆಳಕು ಹಾಯ್ದರೆ ಅದು ಅಸಿಟೇಟು. ಹಾಯದಿದ್ದರೆ ಸಾಮಾನ್ಯವಾಗಿ ಪಾಲಿಯೆಸ್ಟರು. ಅಸಿಟೇಟಿನಲ್ಲಿ ಹುಳಿವಾಸನೆ ಬಂದರೆ ಅದು ಕೊಳೆಯತೊಡಗಿದೆಯೆಂದು ಅರ್ಥ. 1970–80ರ ಕಾಲದ ಕೆಲವು ಪಾಲಿಯೆಸ್ಟರು ಟೇಪುಗಳಲ್ಲಿ ಲೇಪದ ಅಂಟು ತೇವವನ್ನು ಹೀರಿ ಜಿಗುಟಾಗುತ್ತದೆ. ಅವನ್ನು ಹಾಗೆಯೇ ಓಡಿಸಿದರೆ ಕಂದು ಲೇಪವು ಕಿತ್ತುಬಂದು ಧ್ವನಿಯೂ ಅದರೊಡನೆ ಹೋಗುತ್ತದೆ. ಪೆಟ್ಟಿಗೆಯ ಮೇಲಿನ ಬರೆಹವೇ ಒಳಗಿನ ವಸ್ತುವೆಂದು ನಂಬುವಂತಿಲ್ಲ. ಆದರೂ ಹೊಡೆದುಹಾಕಿದ ಹಳೆಯ ಶೀರ್ಷಿಕೆಯೂ ಒಂದು ಸಾಕ್ಷ್ಯವೇ.

ಈ ವಿಚಾರ ನಮ್ಮ ಜಾನಪದಕ್ಕೆ ಹತ್ತಿರದ್ದಾಗಿದೆ. ಮಲೆಯ ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರೂ, ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರೂ ಇರುಳೆಲ್ಲ ಹಾಡುತ್ತಾರೆ. ಅಂಥ ಒಂದು ಹಾಡಿಕೆಗೆ ಹತ್ತಾರು ಸುರುಳಿಗಳು ಬೇಕು. ಪಾಠವನ್ನು ಬರೆದುಕೊಂಡು ಅದೇ ಸುರುಳಿಯನ್ನು ಮುಂದಿನ ಊರಿನಲ್ಲಿ ಬಳಸಿದರೆ ಪಾಠವೇನೋ ಉಳಿಯುತ್ತದೆ. ಧಾಟಿ, ತಂಬೂರಿಯ ಶ್ರುತಿ, ಕಂಸಾಳೆಯ ಗತಿ, ಕೇಳುಗರ ಸೊಲ್ಲು ಇವೆಲ್ಲವೂ ಹೋಗುತ್ತವೆ. ಅಚ್ಚಾದ ಪುಸ್ತಕವು ಇವನ್ನು ಮರಳಿಸಲಾರದು.

ಮರುಬಳಕೆಯನ್ನು ಅಪರಾಧವೆನ್ನುವುದು ನ್ಯಾಯವಲ್ಲ. ಅಳಿಸಿದ ಟೇಪಿಲ್ಲದಿದ್ದರೆ ಎಷ್ಟೋ ಹೊಸ ಧ್ವನಿಗಳು ಮುದ್ರಣವನ್ನೇ ಕಾಣುತ್ತಿರಲಿಲ್ಲ. ಉಳಿತಾಯವೇ ಕೆಲವನ್ನು ಉಳಿಸಿತೆಂಬುದನ್ನೂ ಒಪ್ಪಬೇಕು. ಆದರೆ ಅಂದಿನ ಅಭಾವ ಇಂದಿಲ್ಲ. ಒಂದು ಸುರುಳಿಯ ಧ್ವನಿಯನ್ನು ಕಂಪ್ಯೂಟರಿನಲ್ಲಿ ಪ್ರತಿಮಾಡಿಡಲು ಹೊಸ ಸುರುಳಿ ಬೇಕಾಗಿಲ್ಲ. ಆದುದರಿಂದ ಹಳೆಯ ಟೇಪು ಯಾರ ಕೈಗೆ ಬಂದರೂ ಅದನ್ನು ಮೊದಲಿನಿಂದ ಕೊನೆಯವರೆಗೆ, ಎರಡೂ ಬದಿಗಳಲ್ಲಿ, ಕೇಳಿದ ಮೇಲೆಯೇ ಅಳಿಸುವ ವಿಚಾರ ಮಾಡತಕ್ಕದ್ದು. ಶಾಸನವಿರುವ ಕಲ್ಲನ್ನು ಓದದೆ ಚಪ್ಪಡಿಯಾಗಿ ಹಾಸಬಾರದೆಂಬ ವಿವೇಕ ನಮ್ಮಲ್ಲಿ ಬೆಳೆಯಲು ಬಹುಕಾಲ ಹಿಡಿಯಿತು. ಟೇಪಿನ ಆಯುಸ್ಸು ಕಲ್ಲಿನಷ್ಟಿಲ್ಲ. ಅಷ್ಟು ಕಾಲ ಕಾಯಲು ಅದರಿಂದಾಗದು.