ಸ್ನಾಯುಸಂಕೋಚನ ಸಿದ್ಧಾಂತದ ಇತಿಹಾಸ: ಮರೆತುಹೋದ ಒಂದು ಅವಲೋಕನ

ತೋಳನ್ನು ಮಡಿಸಿದಾಗ ಸ್ನಾಯುವು ಕುಗ್ಗಿ ಗಟ್ಟಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಅದರೊಳಗೆ ನಿಜವಾಗಿ ಕುಗ್ಗುವುದು ಯಾವುದು? ಈ ಸರಳವಾದ ಪ್ರಶ್ನೆಗೆ ಸಮರ್ಪಕವಾದ ಉತ್ತರ ದೊರೆತದ್ದು 1954ರಲ್ಲಿ. ಆ ಉತ್ತರದ ಇತಿಹಾಸವನ್ನು ಪರಿಶೀಲಿಸಿದರೆ ವಿಜ್ಞಾನವು ಮುನ್ನಡೆಯುವ ಬಗೆಯಷ್ಟೇ ಅಲ್ಲ, ಮರೆಯುವ ಬಗೆಯೂ ನಮಗೆ ಗೋಚರವಾಗುತ್ತದೆ.

ಎಲುಬುಗಳಿಗೆ ಅಂಟಿಕೊಂಡಿರುವ ಸ್ನಾಯುವಿನ ಪ್ರತಿಯೊಂದು ತಂತುವಿನಲ್ಲಿಯೂ ಕಪ್ಪು ಮತ್ತು ಬಿಳಿ ಪಟ್ಟೆಗಳು ಒಂದಾದ ಮೇಲೊಂದರಂತೆ ಅಡ್ಡಲಾಗಿ ಜೋಡಣೆಗೊಂಡಿವೆ. 1840ರಲ್ಲಿ ಇಂಗ್ಲೆಂಡಿನ ವಿಲಿಯಂ ಬೌಮನ್ ಅವರು ಈ ರಚನೆಯನ್ನು ವಿವರವಾಗಿ ವರ್ಣಿಸಿದರು. ಸ್ನಾಯು ಕುಗ್ಗುವಾಗ ಕಪ್ಪು ಪಟ್ಟೆಯ ಅಗಲ ಬದಲಾಗದೆ ಬಿಳಿಯ ಪಟ್ಟೆ ಮಾತ್ರ ಕಿರಿದಾಗುವುದನ್ನು ಆ ಶತಮಾನದ ಕೆಲವು ಸೂಕ್ಷ್ಮದರ್ಶಕ ತಜ್ಞರು ಕಂಡಿದ್ದರು.

ಆದರೆ ಮುಂದಿನ ಪೀಳಿಗೆಯ ಗಮನ ರಸಾಯನಶಾಸ್ತ್ರದ ಕಡೆಗೆ ಹರಿಯಿತು. 1864ರಲ್ಲಿ ಕೂನೆ ಅವರು ವರ್ಣಿಸಿದ್ದ ಮಯೋಸಿನ್ ಎಂಬ ಸಸಾರಜನಕವು ಎ.ಟಿ.ಪಿ.ಯನ್ನು ವಿಭಜಿಸಬಲ್ಲುದೆಂದು 1939ರಲ್ಲಿ ಎಂಗೆಲ್‌ಹಾರ್ಟ್ ಮತ್ತು ಲ್ಯುಬಿಮೋವಾ ತೋರಿಸಿಕೊಟ್ಟರು. 1942ರಲ್ಲಿ ಹಂಗೆರಿಯ ಸೆಗೆಡ್ ನಗರದಲ್ಲಿ, ಸೆಂಟ್-ಜಾರ್ಜಿಯವರ ಪ್ರಯೋಗಶಾಲೆಯಲ್ಲಿ, ಸ್ಟ್ರೌಬ್ ಅವರು ಆಕ್ಟಿನ್ನನ್ನು ಬೇರ್ಪಡಿಸಿದರು. ಇವು ಮಹತ್ವದ ಸಾಧನೆಗಳೇ ಸರಿ. ಆದರೂ ನೀಳವಾದ ಅಣುಗಳೇ ಮಡಿಚಿಕೊಂಡು ಗಿಡ್ಡವಾಗುತ್ತವೆಂಬ ಕಲ್ಪನೆ ಆಗ ಪ್ರಬಲವಾಗಿತ್ತು. ಅದಕ್ಕೆ ಹೊಂದದ ಹಳೆಯ ಅವಲೋಕನವು ಮೂಲೆಗೆ ಬಿದ್ದಿತು.

1954ರ ಮೇ 22ರ ‘ನೇಚರ್’ ಪತ್ರಿಕೆಯಲ್ಲಿ ಎರಡು ಲೇಖನಗಳು ಒಟ್ಟಿಗೆ ಪ್ರಕಟವಾದವು. ಆಂಡ್ರೂ ಹಕ್ಸ್‌ಲಿ ಮತ್ತು ನೀಡರ್‌ಗೆರ್ಕೆ ಕಪ್ಪೆಯ ಜೀವಂತ ತಂತುವನ್ನು ಪರೀಕ್ಷಿಸಿದ್ದರು. ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಮೊಲದ ಸ್ನಾಯುವಿನಿಂದ ಬಿಡಿಸಿದ ಸೂಕ್ಷ್ಮ ಎಳೆಗಳನ್ನು. ಹಕ್ಸ್‌ಲಿದ್ವಯರು ಬಂಧುಗಳಲ್ಲ, ಮಾರ್ಗಗಳೂ ಬೇರೆ. ನಿರ್ಣಯ ಮಾತ್ರ ಒಂದೇ: ಕಪ್ಪು ಪಟ್ಟೆಯ ಅಗಲ ಬದಲಾಗುವುದಿಲ್ಲ. ಎರಡು ಕೈಗಳ ಬೆರಳುಗಳು ಒಂದರ ನಡುವೆ ಒಂದು ತೂರುವಂತೆ, ಮಯೋಸಿನ್ನಿನ ದಪ್ಪ ಎಳೆಗಳ ನಡುವೆ ಆಕ್ಟಿನ್ನಿನ ತೆಳು ಎಳೆಗಳು ಜಾರುತ್ತವೆ. ಸ್ನಾಯು ಗಿಡ್ಡವಾಗುತ್ತದೆ, ಎಳೆಗಳು ಗಿಡ್ಡವಾಗುವುದಿಲ್ಲ.

ಈ ವಾದವನ್ನು ಒರೆಗೆ ಹಚ್ಚಿದ್ದು 1966ರಲ್ಲಿ ಗಾರ್ಡನ್, ಆಂಡ್ರೂ ಹಕ್ಸ್‌ಲಿ ಮತ್ತು ಜೂಲಿಯನ್ ಪ್ರಕಟಿಸಿದ ಪ್ರಯೋಗ. ಕಪ್ಪೆಯ ಸ್ನಾಯುವಿನಲ್ಲಿ ದಪ್ಪ ಎಳೆಯ ಉದ್ದ ಸುಮಾರು 1.60 ಮೈಕ್ರಾನ್, ಅದರ ಎರಡು ಬದಿಯ ತೆಳು ಎಳೆಗಳ ಒಟ್ಟು ಉದ್ದ ಸುಮಾರು 2.05 ಮೈಕ್ರಾನ್. ಆದಕಾರಣ, ಸಾರ್ಕೋಮಿಯರ್ ಎಂಬ ಒಂದೊಂದು ಘಟಕವನ್ನೂ 3.65 ಮೈಕ್ರಾನಿನವರೆಗೆ ಎಳೆದರೆ ಎಳೆಗಳ ಪರಸ್ಪರ ಸ್ಪರ್ಶವೇ ತಪ್ಪಿಹೋಗಬೇಕು. ತಂತುವಿನ ಸಂಕೋಚನಬಲವು ಬಹುಮಟ್ಟಿಗೆ ಅಲ್ಲಿಯೇ ಶೂನ್ಯವಾಯಿತು. ಎಳೆಗಳು ಮಡಿಚಿಕೊಳ್ಳುವುದಾಗಿದ್ದರೆ ಈ ಲೆಕ್ಕ ಹೀಗೆ ಕೂಡಿಬರಲು ಕಾರಣವಿರಲಿಲ್ಲ.

ಹಳೆಯ ಅವಲೋಕನವು ಮರೆಯಾದ ಕಥೆಯನ್ನು ಆಂಡ್ರೂ ಹಕ್ಸ್‌ಲಿಯವರೇ 1980ರಲ್ಲಿ ಪ್ರಕಟವಾದ ‘ರಿಫ್ಲೆಕ್ಷನ್ಸ್ ಆನ್ ಮಸಲ್’ ಎಂಬ ಗ್ರಂಥದಲ್ಲಿ ಚರ್ಚಿಸಿದ್ದಾರೆ. ಹಳೆಯ ಬರೆಹಗಳನ್ನು ಹಳೆಯವೆಂಬ ಕಾರಣದಿಂದಲೇ ಬದಿಗಿಡುವ ಅಭ್ಯಾಸ ನಮ್ಮ ಪಾಠಕೋಣೆಗಳಲ್ಲಿಯೂ ಇದೆ. ಪ್ರಚಲಿತವಾದ ಸಿದ್ಧಾಂತಕ್ಕೆ ಹೊಂದದ ಒಂದು ಅವಲೋಕನ ಎದುರಾದಾಗ, ಅದನ್ನು ತಳ್ಳಿಹಾಕುವ ಮೊದಲು ಮತ್ತೊಮ್ಮೆ ಪರೀಕ್ಷಿಸುವುದನ್ನು ನಾವು ವಿದ್ಯಾರ್ಥಿಗಳಿಗೆ ಕಲಿಸಬೇಕಾಗಿದೆ.