ಜಾಗ್ವಾರ್ ಮಾರ್ಕ್ 2 ಕಾರಿನ ಮರದ ಡ್ಯಾಶ್‌ಬೋರ್ಡ್

ಜಾಗ್ವಾರ್ ಮಾರ್ಕ್ 2 ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1959ರಿಂದ 1967ರವರೆಗೆ ತಯಾರಾದ ನಾಲ್ಕು ಬಾಗಿಲುಗಳ ಕಾರು. ಇದರ ಡ್ಯಾಶ್‌ಬೋರ್ಡ್ ಹಾಗೂ ಬಾಗಿಲುಗಳ ಮೇಲಂಚುಗಳು ವಾಲ್ನಟ್ (ಅಕ್ರೋಟು) ಮರದ ಹೊದಿಕೆಗೆ ಹೆಸರಾಗಿವೆ. ಹಳೆಯ ಕಾರುಗಳಲ್ಲಿ ಈ ಹೊದಿಕೆಯನ್ನು ದುರಸ್ತಿ ಮಾಡಲಾಗುತ್ತದೆ ಅಥವಾ ಬದಲಿಸಲಾಗುತ್ತದೆ.

ರಚನೆ ಮತ್ತು ಹಾನಿ

ಈ ಭಾಗಗಳು ಇಡಿಯಾಗಿ ವಾಲ್ನಟ್ ಮರದವಲ್ಲ. ಅಡಿಫಲಕದ ಮೇಲೆ ವಿನೀರ್ ಎಂಬ ತೆಳುವಾದ ಮರದ ಹಾಳೆಯನ್ನು ಅಂಟಿಸಿ, ಪಾರದರ್ಶಕ ವಾರ್ನಿಷ್ ಲೇಪಿಸಲಾಗಿರುತ್ತದೆ. ತೇವಾಂಶದ ಏರಿಳಿತಕ್ಕೆ ಮರವು ಹಿಗ್ಗಿ ಕುಗ್ಗುತ್ತದೆ. ಗಡುಸಾದ ಹಳೆಯ ವಾರ್ನಿಷ್ ಅದಕ್ಕೆ ಹೊಂದಿಕೊಳ್ಳಲಾರದೆ ಬಿರುಕು ಬಿಡುತ್ತದೆ. ಬಿಸಿಲಿಗೆ ಬಣ್ಣ ಮಾಸುತ್ತದೆ. ಬಿರುಕಿನಲ್ಲಿ ನೀರು ಇಳಿದರೆ ಹಾಳೆಯೇ ಮೇಲೇಳುತ್ತದೆ.

ದುರಸ್ತಿ

ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ತಂತಿಗಳಿಗೆ ಗುರುತುಚೀಟಿ ಕಟ್ಟಿ, ಮಾಪಕಗಳನ್ನೂ ಫಲಕಗಳನ್ನೂ ಕಳಚಲಾಗುತ್ತದೆ. ಹಳೆಯ ವಾರ್ನಿಷನ್ನು ರಾಸಾಯನಿಕದಿಂದ ಮೆದುಗೊಳಿಸಿ ಕೆರೆದು ತೆಗೆಯುತ್ತಾರೆ. ಹಾಳೆಯ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಮರಳುಕಾಗದದಿಂದ ಅತಿಯಾಗಿ ಉಜ್ಜಿದರೆ ಅದು ಸವೆದು ಅಡಿಫಲಕ ಕಾಣಿಸಿಕೊಳ್ಳುತ್ತದೆ. ಕಳೆದುಹೋದ ಮರವನ್ನು ಮತ್ತೆ ಪಡೆಯಲಾಗದು. ಎದ್ದ ಅಂಚುಗಳನ್ನು ಅಂಟಿಸಿ, ಮಾಸಿದ ಕಡೆ ಬಣ್ಣ ಹೊಂದಿಸಿದ ಬಳಿಕ ವಾರ್ನಿಷನ್ನು ಹಲವು ಪದರಗಳಲ್ಲಿ ಬಳಿಯಲಾಗುತ್ತದೆ. ಪದರಗಳು ಒಣಗಿದಂತೆ ನಯಗೊಳಿಸಿ, ಕೊನೆಯಲ್ಲಿ ಹೊಳಪು ಕೊಡಲಾಗುತ್ತದೆ.

ಬದಲಾವಣೆ

ಹಾಳೆಯು ಕೊಳೆತಿದ್ದರೆ ಅಥವಾ ಚೂರಾಗಿದ್ದರೆ ಹೊಸದನ್ನು ಅಂಟಿಸುವುದು ಅನಿವಾರ್ಯ. ಒಂದೇ ಮರದಿಂದ ಅನುಕ್ರಮವಾಗಿ ಸೀಳಿದ ಹಾಳೆಗಳಲ್ಲಿ ಮಾತ್ರ ನಾರಿನ ವಿನ್ಯಾಸವು ಪರಸ್ಪರ ಹೋಲುತ್ತದೆ. ಆದುದರಿಂದ ಒಂದೇ ಫಲಕಕ್ಕೆ ಹೊಸ ಹಾಳೆ ಹಾಕಿದರೆ ಅದು ಉಳಿದವುಗಳ ನಡುವೆ ಎದ್ದು ಕಾಣುತ್ತದೆ; ಎಲ್ಲವನ್ನೂ ಬದಲಿಸಿದರೆ ಕಾರಿನ ಮೂಲ ಮರವೇ ಇಲ್ಲವಾಗುತ್ತದೆ. ಈ ಕಾರಣದಿಂದ, ಹಾಳೆ ಗಟ್ಟಿಯಾಗಿದ್ದಲ್ಲಿ ವಾರ್ನಿಷನ್ನು ಮಾತ್ರ ನವೀಕರಿಸುವುದು ಮೂಲಸ್ವರೂಪವನ್ನು ಉಳಿಸುವ ಕ್ರಮವಾಗಿದೆ.